ಅಸಲೋ ನಕಲೋ: ಅಟ್ಟದ ಮೇಲಿನ ಬಂದೂಕು

ಹಳೆಯ ಬಂದೂಕಿಗೆ ನಮ್ಮ ಸೀಮೆಯಲ್ಲಿ ದೊಡ್ಡದೊಂದು ಹೆಸರು ಬೇಗ ಅಂಟಿಕೊಳ್ಳುತ್ತದೆ. ಹರಪನಹಳ್ಳಿ ಸುತ್ತಿನಲ್ಲಾದರೆ ಅದು ಪಾಳೇಗಾರರದು. ಗುಡೇಕೋಟೆ, ಜರಿಮಲೆ ಕಡೆಯಾದರೆ ಅಲ್ಲಿನ ನಾಯಕರದು. ಹಡಗಲಿ ತಾಲ್ಲೂಕಿನ ಹೊಳೆಸಾಲಿನ ಊರುಗಳಲ್ಲಾದರೆ ಮುಂಡರಗಿ ಭೀಮರಾಯನ ದಂಡಿನದು. ಇದ್ಯಾವುದೂ ಹೊಂದದಿದ್ದರೆ ಟಿಪ್ಪು ಸುಲ್ತಾನನದು. ಮನೆಯ ಹಿರಿಯರು ಹೇಳಿದ್ದನ್ನು ಮಗ ಹೇಳುತ್ತಾನೆ, ಮಗ ಹೇಳಿದ್ದನ್ನು ಮೊಮ್ಮಗ ಮೊಬೈಲಿನಲ್ಲಿ ಫೋಟೊ ತೆಗೆದು ನಾಲ್ಕು ಜನಕ್ಕೆ ಕಳಿಸುತ್ತಾನೆ. ಅಷ್ಟರಲ್ಲಿ ಯಾರೋ ಒಬ್ಬರು ಲಕ್ಷದ ಮಾತಾಡುತ್ತಾರೆ, ಇನ್ನೊಬ್ಬರು ಇದು ಸಿನಿಮಾದವರು ಮಾಡಿಸುವ ಡಮ್ಮಿ ಎನ್ನುತ್ತಾರೆ. ಎರಡೂ ಮಾತು ಬಂದೂಕನ್ನು ನೋಡದೆ ಆಡಿದ್ದು. ಹಿರಿಯರಿಂದ ಬಂದ ಬಂದೂಕು ಅಸಲೋ ನಕಲೋ ಎಂಬುದಕ್ಕೆ ಉತ್ತರ ಆ ಕಬ್ಬಿಣದಲ್ಲಿ, ಆ ಮರದಲ್ಲಿ, ಮನೆಯ ಟ್ರಂಕಿನಲ್ಲಿರುವ ಕಾಗದದಲ್ಲಿ ಇರುತ್ತದೆ. ಅದನ್ನು ಓದುವ ತಾಳ್ಮೆ ನಮಗಿರಬೇಕು.

ಓದುವ ಮೊದಲು ಈ ನಾಡಿನಲ್ಲಿ ಹಳೆಯ ಬಂದೂಕು ಯಾಕೆ ಅಪರೂಪ ಎಂಬುದನ್ನು ತಿಳಿದಿರುವುದು ಒಳ್ಳೆಯದು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ದತ್ತಮಂಡಲ ಎಂದು ಹೆಸರಾದದ್ದು ಇದೇ. ಅಲ್ಲಿಗೆ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಕಂಡದ್ದು ಸುಮಾರು 80 ಪಾಳೇಗಾರರು, ಅವರ ಕೈಕೆಳಗೆ ಸುಮಾರು 30,000 ಆಯುಧಪಾಣಿ ಕಾಲಾಳುಗಳು. 1807ರಲ್ಲಿ ಆತ ಇಲ್ಲಿಂದ ಹೊರಡುವ ಹೊತ್ತಿಗೆ ಪಾಳೇಗಾರರ ದಂಡು ಕರಗಿತ್ತು. ಕೆಲವರಿಗೆ ಪಿಂಚಣಿ ಸಿಕ್ಕಿತು, ಕೆಲವರ ಕೋಟೆ ಹೋಯಿತು, ಕಾಲಾಳುಗಳು ನೇಗಿಲು ಹಿಡಿದರು. ದಂಡೇ ಇಲ್ಲದ ಮೇಲೆ ಅದರ ಬಂದೂಕುಗಳಿಗೂ ಮೊದಲಿನ ಜಾಗ ಉಳಿಯಲಿಲ್ಲ.

ಎರಡನೆಯ ಪೆಟ್ಟು ಬಿದ್ದದ್ದು 1857ರಲ್ಲಿ. ಆ ವರ್ಷ ಬಂದ ನಿಶ್ಶಸ್ತ್ರೀಕರಣ ಕಾಯ್ದೆ ಜನರ ಕೈಯಲ್ಲಿದ್ದ ಆಯುಧಗಳನ್ನು ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಊರಿನ ಮೇಲೆ ಪಲಟಣ ಬಂತು, ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆರು ತಿಂಗಳು ಕಳೆಯುವುದರಲ್ಲಿ ಅದೇ ಬಗೆಯ ಕಿಡಿ ನಮ್ಮ ಹೊಳೆಯ ಆಚೆ ದಡದಲ್ಲಿ ಹೊತ್ತಿತು. ಇಂದು ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇರುವ ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳನ್ನು ಅಧಿಕಾರಿಗಳು ಪತ್ತೆಹಚ್ಚಿ ಆ ಮನೆಗೆ ಮೊಹರು ಹಾಕಿ ಕಾವಲು ಕೂರಿಸಿದರು. 1858ರ ಮೇ ಕೊನೆಯ ವಾರ ಮುಂಡರಗಿ ಭೀಮರಾಯ ಆ ಕಾವಲನ್ನು ಮುರಿದು ಆಯುಧಗಳನ್ನು ಹೊರತೆಗೆದ. ಡಂಬಳದ ಖಜಾನೆ ಕೈವಶವಾಯಿತು, ಕೊಪ್ಪಳದ ಕೋಟೆ ಸಿಕ್ಕಿತು. ಜೂನ್ 1ರಂದು ಆ ಕೋಟೆಯಲ್ಲೇ ಭೀಮರಾಯನೂ ಅವನ ಜೊತೆಗಾರ ಹಮ್ಮಿಗಿಯ ಕೆಂಚನಗೌಡನೂ ಮಡಿದರು. ಆಮೇಲೆ ಈ ಎರಡೂ ದಡದ ಊರುಗಳಲ್ಲಿ ಪರವಾನಗಿ ಇಲ್ಲದ ಬಂದೂಕು ಇಟ್ಟುಕೊಳ್ಳುವುದು ಎಂಥ ಎದೆಗಾರಿಕೆಯ ಮಾತು ಎಂಬುದನ್ನು ಊಹಿಸಬಹುದು.

ಕೊಡಗಿನ ಕಥೆ ಬೇರೆ. ಅಲ್ಲಿ 1861ರ ಫೆಬ್ರವರಿಯಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟಿತು. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿನ ಐನ್‌ಮನೆಗಳಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕ್‌ಗಳನ್ನು (ಕೋವಿಗಳನ್ನು) ಸಾಲಾಗಿ ಇಟ್ಟು ಹೂವು ಮುಡಿಸುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಬಂದ ಕೋವಿ ಯಾರದೆಂದು ಆ ಒಕ್ಕದ (ಮನೆತನದ) ಎಲ್ಲರಿಗೂ ಗೊತ್ತಿರುತ್ತದೆ. ನಮ್ಮಲ್ಲಿ ಆ ಎಳೆ ಎರಡು ಸಲ ಕಡಿದಿದೆ. ಹಾಗಾಗಿ ಪಾಳೇಗಾರರ ಬಂದೂಕು ಎಂದು ಯಾರಾದರೂ ತೋರಿಸಿದಾಗ ನಂಬುವುದಕ್ಕೂ ತಳ್ಳಿಹಾಕುವುದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇದು: 1807 ಮತ್ತು 1858ನ್ನು ದಾಟಿ ಇದು ಈ ಮನೆಗೆ ಹೇಗೆ ಬಂತು?

ಈಗ ಬಂದೂಕಿನ ಬಳಿಗೆ ಬರೋಣ. ಮುಟ್ಟುವ ಮುಂಚಿನ ಮಾತೊಂದಿದೆ, ಅದು ಉಳಿದೆಲ್ಲಕ್ಕಿಂತ ದೊಡ್ಡದು. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳು ಎಷ್ಟೋ ಸಲ ತುಂಬಿದ ಹಾಗೇ ಮೂಲೆ ಸೇರಿರುತ್ತವೆ. ಹಂದಿ ಬರಲಿಲ್ಲ, ಈಡು ಹಾರಿಸಲಿಲ್ಲ, ಬಂದೂಕು ಅಟ್ಟಕ್ಕೆ ಹೋಯಿತು, ತುಂಬಿದವರು ತೀರಿಕೊಂಡರು. ಒಣಗಿದ ಜಾಗದಲ್ಲಿದ್ದರೆ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲ. ಅದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ತೆಳುವಾದ ಬಿದಿರುಕಡ್ಡಿಯನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಬೇಕು. ಕಡ್ಡಿಯ ತುದಿ ಕಿಡಿ ಹೋಗುವ ತೂತಿನ ತನಕ ಬಂದರೆ ನಳಿಗೆ ಬಹುಪಾಲು ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಹೀಗೆ ನೋಡುವಾಗ ಮುಖವಾಗಲಿ ಕೈಯಾಗಲಿ ನಳಿಗೆಯ ಎದುರು ಇರಬಾರದು, ಬಂದೂಕಿನ ಕುದುರೆಯನ್ನು (ಈಡಿಗೆ ಬಡಿಯುವ ಸುತ್ತಿಗೆಯನ್ನು) ಮುಟ್ಟಬಾರದು. ಒಳಗೆ ಏನಾದರೂ ಇದೆಯೆಂದು ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ ಪೊಲೀಸರಿಗೆ ತಿಳಿಸಬೇಕು. ಕೆದಕುವುದು, ಕಾಯಿಸುವುದು, ವೆಲ್ಡಿಂಗ್ ಅಂಗಡಿಗೆ ಒಯ್ಯುವುದು, ಅಸಲೋ ನೋಡೋಣ ಎಂದು ಒಂದು ಈಡು ಹಾರಿಸುವುದು, ಇದ್ಯಾವುದೂ ಕೂಡದು. ತುಕ್ಕು ತಿಂದ ನಳಿಗೆ ಹಾರಿಸಿದವನ ಕೈಯಲ್ಲೇ ಒಡೆಯುತ್ತದೆ.

ಇನ್ನು ಬೆಂಕಿ ಹೊತ್ತಿಸುವ ಜಾಗ. ಬಂದೂಕಿನ ವಯಸ್ಸನ್ನು ಮೊದಲು ಹೇಳುವುದು ಅದೇ. ಪಾಳೇಗಾರರ ಕಾಲಾಳುಗಳ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಬತ್ತಿ ಬಂದೂಕು. ಉದ್ದನೆಯ ನಳಿಗೆ, ಅದರ ಬಲಮಗ್ಗುಲಿಗೆ ಮದ್ದು ಉದುರಿಸುವ ಪುಟ್ಟ ಬಟ್ಟಲು, ಮರದ ಸೀಳಿನೊಳಗಿಂದ ಎದ್ದು ಬಂದು ಉರಿಯುವ ಬತ್ತಿಯನ್ನು ಆ ಬಟ್ಟಲಿಗೆ ಮುಟ್ಟಿಸುವ ಕೊಕ್ಕೆ. ಯೂರೋಪಿನ ಮಾದರಿಯ ಚಕಮಕಿ ಬಂದೂಕಿನಲ್ಲಿ ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಇರುತ್ತದೆ. ಅದು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರಿಸುತ್ತದೆ. ಕೇಪಿನ ಬಂದೂಕು ಬಂದದ್ದು ಇದಾದ ಮೇಲೆ. ಅದರಲ್ಲಿ ಕಲ್ಲಿಲ್ಲ, ತಗಡಿಲ್ಲ, ಬಟ್ಟಲಿಲ್ಲ. ಬಡಿದರೆ ಸಿಡಿಯುವ ಕೇಪು ಕೂರಿಸುವ ಪುಟ್ಟ ಮೊನೆ, ಅದರ ಮೇಲೆ ಬಡಿಯುವ ಕುದುರೆ, ಇಷ್ಟೇ. ಬ್ರಿಟಿಷ್ ಸೈನ್ಯ ಈ ವಿಧಾನಕ್ಕೆ ಹೊರಳಿದ್ದು 1840ರ ಆಸುಪಾಸಿನಲ್ಲಿ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಈ ಎರಡು ಇಸವಿ ನೆನಪಿದ್ದರೆ ಟಿಪ್ಪುವಿನ ಬಂದೂಕು ಎನ್ನುವ ಮಾತುಗಳಲ್ಲಿ ಬಹಳಷ್ಟು ಅಲ್ಲೇ ಇತ್ಯರ್ಥವಾಗುತ್ತವೆ.

ಹಿರೇಹಡಗಲಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಕಲ್ಲೇಶ್ವರನ ಗುಡಿ ನೋಡಲು ಹೋದವನನ್ನು ಹಿರಿಯರೊಬ್ಬರು ಮನೆಗೆ ಕರೆದು, ಚಹಾ ಕೊಟ್ಟು, ಹಳೆಯ ಪಂಚೆಯಲ್ಲಿ ಸುತ್ತಿದ್ದನ್ನು ಮುಂದಿಟ್ಟರು. “ಟಿಪ್ಪು ಕಾಲದ್ದೈತಿ ತಮ್ಮಾ. ನಮ್ಮಪ್ಪ ಹೇಳ್ತಿದ್ದ, ಅವರಪ್ಪನೂ ಹೇಳ್ತಿದ್ನಂತ” ಎಂದರು. ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ಬೆಳಕಿಗೆ ಹಿಡಿದೆ. ಒಂಟಿ ನಳಿಗೆ. ಕುದುರೆಯ ಮೂಗು ಬಟ್ಟಲಿನಂತೆ ಒಳಗೆ ಕೊರೆದಿತ್ತು, ಅದರಡಿಯಲ್ಲಿ ಕೇಪಿನ ಮೊನೆ. ಮೊನೆಯ ಸುತ್ತ ಕಬ್ಬಿಣ ಸಣ್ಣ ಸಣ್ಣ ಗುಳಿ ಬಿದ್ದು ಕಪ್ಪಾಗಿತ್ತು. ಕೇಪು ಸಿಡಿದಾಗಲೆಲ್ಲ ಹಾರುವ ಬಿಸಿ ಹೊಗೆ ವರ್ಷಗಟ್ಟಲೆ ತಿಂದ ಗುರುತು ಅದು. ಅದೇ ಮಗ್ಗುಲಿನ ಮರವೂ ಸುಟ್ಟು ಕರಕಲಾಗಿತ್ತು. ಎಡಗೈ ಹಿಡಿಯುವ ಜಾಗದಲ್ಲಿ ಮರ ಸವೆದು ನುಣುಪಾಗಿತ್ತು, ಉಳಿದ ಕಡೆ ಒರಟು. ಹಿಡಿಯ ಹತ್ತಿರ ಬಿರುಕಿಗೆ ಹಿತ್ತಾಳೆ ತಗಡು ಸುತ್ತಿ ಮೊಳೆ ಹೊಡೆದಿದ್ದರು. ನಳಿಗೆಯ ಬುಡದಲ್ಲಿ ಇಂಗ್ಲಿಷ್ ಅಂಕಿಗಳು ಕೊರೆದಿದ್ದವು.

“ಅಜ್ಜಾ, ಇದರ ಲೈಸೆನ್ಸ್ ಪುಸ್ತಕ ಐತೇನು?” ಎಂದು ಕೇಳಿದೆ. ಟ್ರಂಕಿನ ತಳದಿಂದ ಬಂತು. ಹೊಸದರ ಜೊತೆಗೆ ಹಳೆಯದೂ ಇತ್ತು, ಈ ಸೀಮೆ ಮದ್ರಾಸ್ ಪ್ರಾಂತದಲ್ಲಿದ್ದಾಗಿನದು. ಅದರಲ್ಲಿ ಬರೆದ ನಂಬರೂ ನಳಿಗೆಯ ಮೇಲಿನ ನಂಬರೂ ಒಂದೇ. ಉದ್ದೇಶದ ಅಂಕಣದಲ್ಲಿ ಬೆಳೆ ರಕ್ಷಣೆ ಎಂಬ ಅರ್ಥದ ಮಾತು. ಟಿಪ್ಪುವಿನ ಹೆಸರು ಅಲ್ಲಿಗೆ ಬಿತ್ತು. ಹಿರಿಯರ ಮುಖ ಒಂದು ಗಳಿಗೆ ಸಣ್ಣದಾದದ್ದು ನಿಜ. ಆಮೇಲೆ ಅವರೇ ಹೇಳತೊಡಗಿದರು: ಅವರಪ್ಪ ಮಂಚಿಕೆಯ ಮೇಲೆ ಕೂತು ಜೋಳದ ಹೊಲ ಕಾಯುತ್ತಿದ್ದದ್ದು, ಹಂದಿಯ ಹಿಂಡನ್ನು ಬೆದರಿಸಲು ಬರೀ ಮದ್ದು ತುಂಬಿ ಹೊಡೆಯುತ್ತಿದ್ದದ್ದು, ಹಿಡಿ ಮುರಿದಾಗ ಊರ ಬಡಗಿಯೇ ಹೊಸ ಮರ ಕೂರಿಸಿದ್ದು. ಈ ಕಥೆ ಯಾರಿಗೂ ಗೊತ್ತಿರಲಿಲ್ಲ. ಟಿಪ್ಪುವಿನ ಹೆಸರು ಅದನ್ನು ಮುಚ್ಚಿಹಾಕಿತ್ತು.

ಅದು ಅಸಲಿ ಬಂದೂಕು. ನನಗೆ ಅದರಲ್ಲಿ ಅನುಮಾನವಿಲ್ಲ. ದುರಸ್ತಿಯಾದದ್ದೆಲ್ಲ ನಕಲಿ ಎಂದು ತಿಳಿಯುವವರಿದ್ದಾರೆ, ಅದು ತಪ್ಪು. ನಮ್ಮ ಕಡೆಯ ಬಂದೂಕುಗಳಲ್ಲಿ ನಳಿಗೆ ಒಂದು ಕಾಲದ್ದು, ಮರ ಇನ್ನೊಂದು ಕಾಲದ್ದು, ಕುದುರೆ ಊರ ಕಮ್ಮಾರ ಬಡಿದದ್ದು ಆಗಿರುವುದು ಸಾಮಾನ್ಯ. ಚಕಮಕಿ ಬಂದೂಕನ್ನು ಕೇಪಿಗೆ ಬದಲಾಯಿಸುವ ಕೆಲಸ ಲೋಕದ ಎಲ್ಲ ಕಡೆ ನಡೆದಿದೆ, ಸೈನ್ಯಗಳೇ ಸಾವಿರಗಟ್ಟಲೆ ಬದಲಾಯಿಸಿವೆ. ಹಾಗೆ ಬದಲಾಯಿಸಿದಾಗ ಹಳೆಯ ಬಟ್ಟಲು, ತಗಡು ಇದ್ದ ಜಾಗದ ತಿರುಪಿನ ತೂತುಗಳು ಮುಚ್ಚಿಕೊಂಡು ಕುದುರೆ ಕೂತ ಪಟ್ಟಿಯ ಮೇಲೆ ಉಳಿಯುತ್ತವೆ. ಅವು ಕಂಡರೆ ಸಂತೋಷಪಡಬೇಕು: ಆ ಬಂದೂಕು ಎರಡು ಕಾಲ ಕಂಡಿದೆ. ದುರಸ್ತಿಯನ್ನು ಬಚ್ಚಿಟ್ಟು, ಎಲ್ಲವೂ ಮೂಲದ್ದೇ ಎಂದು ಮಾರಲು ಹೊರಟಾಗ ಮಾತ್ರ ಅದು ಮೋಸ.

ನಕಲಿ ಬಂದೂಕು ಬೇರೆ ವಸ್ತು. ಅದು ಗೋಡೆಗೆ ತೂಗುಹಾಕಲೆಂದೋ, ನಾಟಕ ಸಿನಿಮಾಗಳಿಗೆಂದೋ, ಪ್ರವಾಸಿಗಳಿಗೆ ಮಾರಲೆಂದೋ ಹುಟ್ಟಿದ್ದು. ಅದರಲ್ಲಿ ನಳಿಗೆ ಬುಡದವರೆಗೆ ಪೊಳ್ಳಾಗಿರುವುದಿಲ್ಲ, ಅಥವಾ ಕಿಡಿ ಹೋಗುವ ತೂತು ಕಣ್ಣಿಗೆ ಕಾಣುವಷ್ಟು ಮಾತ್ರ ಇದ್ದು ಒಳಗೆ ಮುಟ್ಟಿರುವುದಿಲ್ಲ. ಕುದುರೆ, ಪಟ್ಟಿ ಅಚ್ಚಿನಲ್ಲಿ ಎರೆದವಾದ್ದರಿಂದ ಅಂಚಿನಗುಂಟ ಅಚ್ಚಿನ ಕೂಡುಗೆರೆ ಕಾಣುತ್ತದೆ, ಮೇಲ್ಮೈಯಲ್ಲಿ ಗುಳ್ಳೆಯ ಗುರುತು. ಕೊರೆದಂತೆ ಕಾಣುವ ಹೂಬಳ್ಳಿಯ ಅಂಚುಗಳು ಮೆತ್ತಗಿರುತ್ತವೆ. ಉಳಿಯಿಂದ ಕಡಿದದ್ದಾದರೆ ಚೂಪಾಗಿರುತ್ತದೆ, ಗೆರೆಯಿಂದ ಗೆರೆಗೆ ಸಣ್ಣ ವ್ಯತ್ಯಾಸವೂ ಇರುತ್ತದೆ. ಹಿರೇಹಡಗಲಿಯ ಕಲ್ಲೇಶ್ವರನ ಬಾಗಿಲುವಾಡದ ಕೆತ್ತನೆಯನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಕೈ ಕಡಿದದ್ದಕ್ಕೂ ಅಚ್ಚು ಎರೆದದ್ದಕ್ಕೂ ಇರುವ ಅಂತರ ಬಿಡಿಸಿ ಹೇಳಬೇಕಾಗಿಲ್ಲ.

ತಿರುಪುಗಳು ಸುಳ್ಳು ಹೇಳುವುದು ಕಡಿಮೆ. ಇಂಗ್ಲೆಂಡಿನಲ್ಲಿ ವ್ಹಿಟ್‌ವರ್ತ್ ಎಂಬಾತ ತಿರುಪಿನ ಎಳೆಗಳಿಗೆ ಒಂದು ಅಳತೆ ಸೂಚಿಸಿದ್ದೇ 1841ರಲ್ಲಿ. ಅದಕ್ಕೆ ಮುಂಚೆ ಒಂದೊಂದು ತಿರುಪೂ ಅದರದೇ ತೂತಿಗೆ ಅರ ಹಿಡಿದು ಮಾಡಿದ್ದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಲೆಯ ಸೀಳು ತೆಳುವಾಗಿ, ಕೆಲವು ಸಲ ನಡುವಿನಿಂದ ತುಸು ಸರಿದಿರುತ್ತದೆ. ತಲೆಯ ಮೇಲೆ ಕೂಡುಗುರುತಿನಂಥ ಸೀಳಿರುವ ತಿರುಪು 1930ರ ದಶಕದಲ್ಲಿ ಬಂದದ್ದು. ಅದು ಎಲ್ಲಾದರೂ ಕಂಡರೆ ಆ ಭಾಗವಾದರೂ ಹೊಸದು ಎನ್ನಲು ಅಡ್ಡಿಯಿಲ್ಲ. ಅದನ್ನು ನೋಡಲು ತಿರುಪು ಬಿಚ್ಚಬೇಕಾಗಿಲ್ಲ. ತುಕ್ಕು ಹಿಡಿದ ತಿರುಪನ್ನು ಬಲವಂತವಾಗಿ ತಿರುಗಿಸಿ ತಲೆ ಮುರಿದರೆ ಸಾಕ್ಷಿಯೂ ಹೋಯಿತು, ಬಂದೂಕೂ ಹಾಳಾಯಿತು.

ನಳಿಗೆಯ ಮೈಯನ್ನು ಓರೆಯಾದ ಬೆಳಕಿನಲ್ಲಿ ನೋಡಬೇಕು. ನಮ್ಮ ನಾಡಿನ ಹಳೆಯ ಒಳ್ಳೆಯ ನಳಿಗೆಗಳನ್ನು ಕಬ್ಬಿಣದ ಪಟ್ಟಿಯನ್ನು ಸಲಾಕೆಯ ಸುತ್ತ ಸುರುಳಿಯಾಗಿ ಸುತ್ತಿ, ಕಾಯಿಸಿ ಬಡಿದು ಬೆಸೆದು ಮಾಡುತ್ತಿದ್ದರು. ಆ ಸುರುಳಿಯ ನೆರಿಗೆ ಎಷ್ಟೋ ನಳಿಗೆಗಳಲ್ಲಿ ಇಂದಿಗೂ ಕಾಣುತ್ತದೆ. ಈಗಿನ ನಕಲಿಗೆ ಬಳಸುವುದು ಕಾರ್ಖಾನೆಯ ಉಕ್ಕಿನ ಪೈಪು. ಅದಕ್ಕೆ ನೆರಿಗೆಯಿಲ್ಲ, ಹೊರಗೂ ಒಳಗೂ ಒಂದೇ ಸಮ. ತುಕ್ಕಿನಲ್ಲೂ ಭೇದವಿದೆ. ಕಾಲ ಹಿಡಿಸಿದ ತುಕ್ಕು ಕಂದುಗಪ್ಪಾಗಿ, ಗಟ್ಟಿಯಾಗಿ ಕೂತಿರುತ್ತದೆ, ಕೈಗೆ ಅಂಟುವುದಿಲ್ಲ. ಸಂದುಗಳಲ್ಲಿ ದಟ್ಟವಾಗಿ, ಕೈ ಮುಟ್ಟುವ ಕಡೆ ತೆಳುವಾಗಿರುತ್ತದೆ. ಆಸಿಡ್ ಬಳಿದು ಬರಿಸಿದ ತುಕ್ಕು ಎಲ್ಲ ಕಡೆ ಒಂದೇ ಸಮನಾಗಿ ಕಾವಿ ಬಣ್ಣಕ್ಕಿರುತ್ತದೆ, ಬಟ್ಟೆಗೆ ಬರುತ್ತದೆ. ಮರಕ್ಕೆ ಬಣ್ಣ ಬಳಿದು ಹಳೆಯದು ಮಾಡಿದ್ದರೆ ಕಬ್ಬಿಣ ಕೂತ ಸಂದಿನೊಳಗೆ ಮರ ಇನ್ನೂ ಹೊಸದಾಗಿರುತ್ತದೆ.

ಬರಹ, ಮುದ್ರೆಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ನಕಲಿ ಮಾಡುವವರು ಮೊದಲು ಕೈಹಾಕುವುದೇ ಅಲ್ಲಿಗೆ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕುಗಳ ಪಟ್ಟಿಯ ಮೇಲೆ ಮೊದಲು ನಾಲ್ಕು ಭಾಗ ಮಾಡಿದ ಹೃದಯದಾಕಾರದ ಗುರುತು, ಅದರೊಳಗೆ ಕಂಪನಿಯ ಅಕ್ಷರಗಳು ಇರುತ್ತಿದ್ದವು. 1808ರ ಸುಮಾರಿನಿಂದ ಹಿಂಗಾಲಿನ ಮೇಲೆ ನಿಂತ ಸಿಂಹ ಬಂತು. ರಾಣಿ ವಿಕ್ಟೋರಿಯಾಳ ಕಿರೀಟ, ಅಕ್ಷರಗಳ ಕೆಳಗೆ 1901ರ ನಂತರದ ಇಸವಿ ಇದ್ದರೆ ಅನುಮಾನ ಪಡಲೇಬೇಕು, ಏಕೆಂದರೆ ಆಕೆ ತೀರಿಕೊಂಡದ್ದೇ ಆ ವರ್ಷ. ಇಂಗ್ಲಿಷಿನ ಎನ್ ಅಕ್ಷರ ತಿರುವುಮುರುವಾಗಿ ಬಿದ್ದಿದ್ದರೆ ಇಂಗ್ಲಿಷ್ ಓದಲು ಬಾರದ ಕೈ ಅದನ್ನು ನೋಡಿ ಕೊರೆದಿದೆ ಎಂದರ್ಥ. ಖೈಬರ್ ಕಣಿವೆಯ ಕಮ್ಮಾರರು ಬ್ರಿಟಿಷ್ ಬಂದೂಕುಗಳನ್ನು ನೋಡಿ ಮಾಡಿದ ಪ್ರತಿಗಳಲ್ಲಿ ಇಂಥ ತಪ್ಪುಗಳು ಹೆಸರುವಾಸಿ. ಆ ಪ್ರತಿಗಳು ಈಡು ಹಾರಿಸುವ ನಿಜವಾದ ಬಂದೂಕುಗಳೇ, ಮುದ್ರೆ ಮಾತ್ರ ಸುಳ್ಳು. ಕಾನೂನಿನ ಕಣ್ಣಿಗೆ ಅವು ಆಟಿಕೆಯಾಗುವುದಿಲ್ಲ.

ಟಿಪ್ಪುವಿನ ಕಾರ್ಖಾನೆಯ ಬಂದೂಕು ಎಂದರೆ ಹೇಗಿರುತ್ತದೆ ಎಂಬುದಕ್ಕೆ ಲೋಕದ ಮ್ಯೂಸಿಯಮ್ಮುಗಳಲ್ಲಿ ಸಾಕಷ್ಟು ಸಾಕ್ಷಿ ಉಳಿದಿದೆ. ಶ್ರೀರಂಗಪಟ್ಟಣದಲ್ಲಿ ಮಾಡಿಸಿದ ಮೇಲ್ದರ್ಜೆಯ ಬಂದೂಕುಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಹುಲಿಯ ಮುಖ, ಪರ್ಷಿಯನ್ ಲಿಪಿಯಲ್ಲಿ ಹೈದರನ ಹೆಸರಿನ ಮುದ್ರೆ, ಸರ್ಕಾರದ ಹೆಸರು ಇರುತ್ತವೆ. ಇಸವಿಯಲ್ಲೇ ಒಂದು ಸೂಕ್ಷ್ಮವಿದೆ. 1787ರ ಸುಮಾರಿನಿಂದ ಟಿಪ್ಪು ಮೌಲೂದಿ ಎಂಬ ತನ್ನದೇ ಶಕೆಯನ್ನು ಬಳಕೆಗೆ ತಂದ. ಅದು 1215ರಿಂದ ಶುರುವಾಗುತ್ತದೆ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಹಿತ್ತಾಳೆ ತಗಡಿನ ಮೇಲೆ ಇಂಗ್ಲಿಷಿನಲ್ಲಿ ಟಿಪ್ಪು ಸುಲ್ತಾನ್ ಎಂದು ಬರೆದು ಪಕ್ಕದಲ್ಲಿ ಕ್ರಿಸ್ತಶಕದ ಇಸವಿ ಹಾಕಿದ ಬಂದೂಕನ್ನು ಯಾರಾದರೂ ತಂದರೆ, ಆ ತಗಡನ್ನು ಶ್ರೀರಂಗಪಟ್ಟಣದ ಕಮ್ಮಾರ ಹೊಡೆದಿರಲಾರ.

ಹಾಗೆಂದು ಅಟ್ಟದ ಮೇಲೆ ಅಂಥದ್ದು ಸಿಗುವುದೇ ಇಲ್ಲ ಎನ್ನಲಾಗದು. 2019ರ ಮಾರ್ಚಿನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ ಹರಾಜಾದ ಟಿಪ್ಪುವಿನ ವಸ್ತುಗಳು ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದವು. ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಶ್ರೀರಂಗಪಟ್ಟಣದ ಪತನದ ನಂತರ ಒಯ್ದಿದ್ದ ಅವು ಅವನ ವಂಶದಲ್ಲೇ ಉಳಿದಿದ್ದವು. ಬೆಳ್ಳಿಯ ಕಟ್ಟಿನ ಒಂದು ಚಕಮಕಿ ಬಂದೂಕು 60,000 ಪೌಂಡಿಗೆ ಹೋಯಿತು. ಆ ಬೆಲೆ ಬಂದದ್ದು ಬೆಳ್ಳಿಯಿಂದಲ್ಲ. ಯಾರು ಒಯ್ದರು, ಯಾರಿಂದ ಯಾರಿಗೆ ಬಂತು ಎಂಬ ಸರಪಳಿ ಕಡಿಯದೆ ಉಳಿದಿತ್ತು, ವಸ್ತುವಿನ ಮೇಲಿನ ಗುರುತುಗಳು ಅದಕ್ಕೆ ಹೊಂದಿದವು. ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. 2018ರ ಜುಲೈನಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಬತ್ತಿದ ಬಾವಿಯೊಂದರ ಹೂಳು ತೆಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಬಂದವು. ಕೆಸರು ಮೆತ್ತಿದ, ತುಕ್ಕು ಹಿಡಿದ ಆ ಕೊಳವೆಗಳನ್ನು ಗುಜರಿಗೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವು ಪುರಾತತ್ವ ಇಲಾಖೆಯ ಕೈಸೇರಿ, ಪರೀಕ್ಷೆಗೊಳಪಟ್ಟು, ಶಿವಮೊಗ್ಗದ ಮ್ಯೂಸಿಯಮ್ಮಿಗೆ ಹೋದವು.

ನನಗೆ ಸಂಕಟವಾಗುವುದು ಒಂದು ವಿಷಯಕ್ಕೆ. ಮಹಾನವಮಿಗೆ ಮುಂಚೆ ಮನೆಯ ಕಬ್ಬಿಣವನ್ನೆಲ್ಲ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕುವ ವಾಡಿಕೆ ನಮ್ಮದು. ಕುಡಗೋಲಿಗೆ, ಕೊಡಲಿಗೆ ಅದು ಸರಿ. ಬಂದೂಕಿಗೆ ಅದೇ ಕೈ ಬಿದ್ದರೆ ಮುದ್ರೆ ಸವೆಯುತ್ತದೆ, ನಂಬರು ಮಸುಕಾಗುತ್ತದೆ, ನಳಿಗೆಯ ನೆರಿಗೆ ಅಳಿಸಿಹೋಗುತ್ತದೆ. ಈಚೆಗೆ ಮರಳುಕಾಗದ, ಗ್ರೈಂಡರು, ಮೇಲೊಂದು ಕೈ ಕರಿಬಣ್ಣ. ಇನ್ನೂರು ವರ್ಷ ಉಳಿದದ್ದನ್ನು ಒಂದು ಮಧ್ಯಾಹ್ನದಲ್ಲಿ ನಕಲಿಯಂತೆ ಮಾಡಿಬಿಡುತ್ತೇವೆ. ಪೂಜೆಗೆ ಒಣಬಟ್ಟೆಯಲ್ಲಿ ಒರೆಸಿ, ಹೂವಿಟ್ಟರೆ ಸಾಕು. ಕುಂಕುಮ, ಅರಿಶಿನವನ್ನು ಹಸಿಯಾಗಿ ಹಚ್ಚದಿರುವುದು ಒಳಿತು, ತೇವ ಸಂದಿಗಿಳಿದು ತುಕ್ಕು ಹಿಡಿಸುತ್ತದೆ.

ಕಾನೂನಿನ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಹಳೆಯದಲ್ಲವೇ, ಲೈಸೆನ್ಸ್ ಯಾಕೆ ಎಂಬ ತಿಳಿವಳಿಕೆ ಎಲ್ಲ ಕಡೆ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ, ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಅದರ ಜೊತೆಗೊಂದು ಷರತ್ತಿದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬರಬಾರದು. ರಿಪೇರಿ ಮಾಡಿದರೆ ಈಡು ಹಾರಿಸಬಲ್ಲ ನೂರೈವತ್ತು ವರ್ಷದ ಬಂದೂಕಿಗೂ ಲೈಸೆನ್ಸ್ ಬೇಕೇ ಬೇಕು. ಬಳಕೆಗೆ ಬರುತ್ತದೋ ಇಲ್ಲವೋ ಎಂಬುದನ್ನು ಮನೆಯವರೇ ತೀರ್ಮಾನಿಸಿಕೊಂಡು ಸುಮ್ಮನಿರುವುದು ಅಪಾಯ. ಲೈಸೆನ್ಸ್ ಇದ್ದವರು ತೀರಿಕೊಂಡರೆ ವಾರಸುದಾರರು ತಡಮಾಡದೆ ಬಂದೂಕನ್ನು ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು, ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಪ್ರತಿ ಚುನಾವಣೆಗೂ ಬಂದೂಕು ಠಾಣೆಗೆ ಒಪ್ಪಿಸಿ ತಂದು ರೂಢಿಯಿರುವ ರೈತರಿಗೆ ಇದೇನು ಹೊಸ ದಾರಿಯಲ್ಲ. ಇನ್ನು ನೂರು ವರ್ಷ ದಾಟಿದ ಕಲಾವಸ್ತು, ಚಾರಿತ್ರಿಕ ಮಹತ್ವದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತವೆ. ಅವುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹೊರದೇಶದ ಗಿರಾಕಿಯ ಹೆಸರು ಹೇಳಿ ಬರುವ ದಲ್ಲಾಳಿಗೆ ಬಾಗಿಲಲ್ಲೇ ಉತ್ತರ ಕೊಡಬಹುದು.

ಬಂದೂಕು ನಕಲಿ ಎಂದು ತೀರ್ಮಾನವಾದರೂ ಅದನ್ನು ಹಾಗೆಂದೇ ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಮುಂದಿನವರಿಗೆ ಮಾಡುವ ಉಪಕಾರ. ನಾಟಕದ ಕಂಪನಿಯಿಂದ ಬಂದ ಮರದ ಬಂದೂಕಿಗೂ ಅದರದೇ ಆದ ಚರಿತ್ರೆ ಇರುತ್ತದೆ, ಅದನ್ನು ಪಾಳೇಗಾರನ ತಲೆಗೆ ಕಟ್ಟಬೇಕಾಗಿಲ್ಲ. ಅಸಲಿ ಎಂದು ತೋರಿದರೆ ನಂಬರು, ಮುದ್ರೆ, ಕುದುರೆ, ನಳಿಗೆಯ ಬಾಯಿ, ಹಿಡಿ, ಇವುಗಳ ಫೋಟೊಗಳನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆದಿಟ್ಟುಕೊಳ್ಳಿ. ಬಂದೂಕನ್ನೇ ಹೊತ್ತು ಬಸ್ಸು ಹತ್ತಬೇಡಿ. ಲೈಸೆನ್ಸಿನ ವಿಷಯವನ್ನು ನಿಮ್ಮ ಠಾಣೆಯಲ್ಲಿ ಸರಿಮಾಡಿಕೊಂಡು, ಆ ಫೋಟೊಗಳನ್ನು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದವರಿಗೋ ರಾಜ್ಯ ಪುರಾತತ್ವ ಇಲಾಖೆಯವರಿಗೋ ತೋರಿಸಿ ಕೇಳಿ. ಮನೆಯಲ್ಲಿ ಆ ಬಂದೂಕಿನ ಬಗ್ಗೆ ಗೊತ್ತಿರುವ ಹಿರಿಯರಿದ್ದರೆ ಅವರ ಪಕ್ಕ ಕೂತು, ಯಾರು ತಂದರು, ಯಾವ ಊರಿಂದ ತಂದರು, ಮರ ಕೂರಿಸಿದ ಬಡಗಿ ಯಾರು, ಹೊಲ ಯಾವುದು ಎಂದೆಲ್ಲ ಕೇಳಿ ಬರೆದುಕೊಳ್ಳಿ. ಕಬ್ಬಿಣ ಇನ್ನೂ ನೂರು ವರ್ಷ ಬಾಳೀತು, ಅದನ್ನು ಬಲ್ಲ ಮನುಷ್ಯರು ಅಷ್ಟು ದಿನ ಇರುವುದಿಲ್ಲ. ಈ ಕೆಲಸವನ್ನು ಈ ವಾರವೇ ಮಾಡಿ.